‘ಆಲ್ಟರ್ನೇಟ್’ ಎಂಬುದಕ್ಕೆ ‘ಪರ್ಯಾಯ’ ಎಂದು ಬರೆದರೆ ಸಾಕೇ?

ಪ್ರಶ್ನೆ
ನಿವಾಸಿಗಳ ಸಂಘದ ಕಾರ್ಯದರ್ಶಿ, ನವನಗರ, ಬಾಗಲಕೋಟೆ

ಎಲ್ಲರಿಗೂ ಶರಣು. ನಮ್ಮ ವಸತಿ ಸಮುಚ್ಚಯದಲ್ಲಿ ಎರಡು ಬ್ಲಾಕುಗಳಿವೆ. ಬೇಸಿಗೆ ಮುಗಿಯುವವರೆಗೆ ಸಂಘದ ಬೋರ್‌ವೆಲ್ ನೀರನ್ನು ಒಂದು ದಿನ ಒಂದು ಬ್ಲಾಕಿಗೆ, ಮರುದಿನ ಇನ್ನೊಂದು ಬ್ಲಾಕಿಗೆ ಬಿಡಬೇಕೆಂದು ಸಭೆಯಲ್ಲಿ ತೀರ್ಮಾನವಾಗಿದ್ದು, ಅದನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಸೂಚನಾ ಫಲಕಕ್ಕೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಗ್ಲಿಷ್ ಕರಡಿನಲ್ಲಿ ಸದಸ್ಯರೊಬ್ಬರು ‘ಆಲ್ಟರ್ನೇಟ್ ಡೇಸ್’ ಎಂದು ಬರೆದಿದ್ದನ್ನು ಮತ್ತೊಬ್ಬರು ‘ಆಲ್ಟರ್ನೇಟಿವ್ ಡೇಸ್’ ಎಂದು ತಿದ್ದಿದ್ದಾರೆ. ಕನ್ನಡದಲ್ಲಿ ‘ಪರ್ಯಾಯ ದಿನಗಳಂದು ನೀರು ಬಿಡಲಾಗುವುದು’ ಎಂದಿತ್ತು. ಅದನ್ನು ಓದಿದ ಹಿರಿಯರೊಬ್ಬರು, ನೀರು ಬರಬೇಕಾದ ದಿನ ಬಾರದೆ ಅದರ ಬದಲಿಗೆ ಬೇರೊಂದು ದಿನ ಬರುತ್ತದೆಯೇ ಎಂದು ಕೇಳಿದರು. ಅವರ ಓದಿನಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಅಂದಿನಿಂದ ಈ ಶಬ್ದದ ಬಗ್ಗೆಯೇ ಯೋಚಿಸುತ್ತಿದ್ದೇನೆ. ಶಾಲೆಯ ರೇಖಾಗಣಿತದಲ್ಲಿ ಆಲ್ಟರ್ನೇಟ್ ಕೋನಗಳಿವೆ, ಮನೆಗೆ ಬರುವ ವಿದ್ಯುತ್ತು ಆಲ್ಟರ್ನೇಟಿಂಗ್ ಕರೆಂಟ್, ಕಂಪನಿಗಳ ಕಾಗದಪತ್ರಗಳಲ್ಲಿ ಆಲ್ಟರ್ನೇಟ್ ಡೈರೆಕ್ಟರ್ ಎಂಬ ಹುದ್ದೆ ಕಾಣುತ್ತದೆ. ಇವುಗಳನ್ನೆಲ್ಲ ಕೂಡಿಸುವ ಎಳೆ ಯಾವುದು, ‘ಆಲ್ಟರ್ನೇಟಿವ್’ ಎಂಬುದಕ್ಕೂ ಇದಕ್ಕೂ ಗೆರೆ ಎಲ್ಲಿ ಬೀಳುತ್ತದೆ, ನಮ್ಮ ಭಾಗದ ಜನ ತಡವರಿಸದೆ ಓದಬಲ್ಲ ಕನ್ನಡ ಯಾವುದು ಎಂಬುದನ್ನು ತಿಳಿದವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ
ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ವಿಜಯಪುರ

ಕಾರ್ಯದರ್ಶಿಗಳಿಗೆ ನಮಸ್ಕಾರ. ಮೊದಲು ಎಳೆಯನ್ನು ಹಿಡಿಯೋಣ, ಆಮೇಲೆ ಗೆರೆ ತಾನಾಗಿ ಕಾಣುತ್ತದೆ. ಈ ಶಬ್ದದ ಮೂಲದಲ್ಲಿರುವುದು ‘ಆಲ್ಟರ್’ ಎಂಬ ಲ್ಯಾಟಿನ್ ಶಬ್ದ. ಅದರ ಅರ್ಥ ‘ಇಬ್ಬರಲ್ಲಿ ಇನ್ನೊಬ್ಬ’ ಅಥವಾ ‘ಎರಡರಲ್ಲಿ ಇನ್ನೊಂದು’. ಇಲ್ಲಿ ಎರಡು ಎಂಬ ಸಂಖ್ಯೆ ಮುಖ್ಯ. ಅದರಿಂದ ‘ಒಂದಾದ ಮೇಲೆ ಇನ್ನೊಂದು, ಮತ್ತೆ ಮೊದಲಿನದು’ ಎಂಬ ಅರ್ಥದ ‘ಆಲ್ಟರ್ನಸ್’ ಹುಟ್ಟಿತು, ಆ ಅರ್ಥವೇ ಇಂಗ್ಲಿಷಿಗೂ ಬಂದಿತು. ಆದ್ದರಿಂದ ‘ಆಲ್ಟರ್ನೇಟ್’ ಎಂಬ ಕ್ರಿಯಾಪದ ನಡೆಯಬೇಕಾದರೆ ಎರಡು ಪಕ್ಷಗಳು, ಎರಡು ಸ್ಥಿತಿಗಳು ಅಥವಾ ಎರಡು ಸ್ಥಳಗಳು ಇರಬೇಕು, ಅವು ಮತ್ತೆ ಮತ್ತೆ ಅದಲುಬದಲಾಗುತ್ತಿರಬೇಕು.

ಕ್ರಿಕೆಟ್ಟಿನ ನಿಯಮಾವಳಿಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಆರು ಎಸೆತಗಳ ಓವರುಗಳನ್ನು ಪಿಚ್ಚಿನ ಎರಡು ತುದಿಗಳಿಂದ ‘ಆಲ್ಟರ್ನೇಟ್ಲಿ’ ಎಸೆಯಬೇಕೆಂದು ಅದು ಹೇಳುತ್ತದೆ. ಈ ಓವರು ಈ ತುದಿಯಿಂದ ಆದರೆ ಮುಂದಿನದು ಆ ತುದಿಯಿಂದ, ಮೂರನೆಯದು ಮತ್ತೆ ಈ ತುದಿಯಿಂದ. ರಾಜಧಾನಿಯೂ ಹೀಗೆ ಓಡಾಡಿದ್ದುಂಟು. ಜಮ್ಮು ಮತ್ತು ಕಾಶ್ಮೀರದ ಸರ್ಕಾರಿ ಕಚೇರಿಗಳು ಬೇಸಿಗೆಯ ಆರು ತಿಂಗಳು ಶ್ರೀನಗರದಲ್ಲಿ, ಚಳಿಗಾಲದ ಆರು ತಿಂಗಳು ಜಮ್ಮುವಿನಲ್ಲಿ ನಡೆಯುತ್ತಿದ್ದ ‘ದರ್ಬಾರ್’ ಪದ್ಧತಿಯನ್ನು ವರ್ಣಿಸುವಾಗ ಇಂಗ್ಲಿಷಿನವರು ಇದೇ ಕ್ರಿಯಾಪದವನ್ನು ಬಳಸುತ್ತಾರೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗ ಈ ಕ್ರಿಯಾಪದ ಒಪ್ಪುವುದಿಲ್ಲ, ಏಕೆಂದರೆ ಬೆಂಗಳೂರಿನಲ್ಲಿ ಎಷ್ಟು ಅಧಿವೇಶನಗಳಾದ ಮೇಲೆ ಬೆಳಗಾವಿಗೆ ಬರಬೇಕೆಂಬ ಸರದಿ ಅಲ್ಲಿಲ್ಲ. ನಿಯತವಾಗಿ ಅತ್ತಿತ್ತ ಹೋಗಿಬರುವುದೇ ಈ ಶಬ್ದದ ಜೀವ.

ಇನ್ನು ವಿಶೇಷಣವಾಗಿ ಬಂದಾಗ ‘ಆಲ್ಟರ್ನೇಟ್ ಡೇಸ್’ ಎಂದರೆ ನಡುವೆ ಒಂದು ದಿನವನ್ನು ಬಿಟ್ಟು ಬರುವ ದಿನಗಳು. ‘ಆಲ್ಟರ್ನೇಟಿವ್’ ಎಂದರೆ ಒಂದರ ಜಾಗದಲ್ಲಿ ಆರಿಸಿಕೊಳ್ಳಬಹುದಾದ ಮತ್ತೊಂದು. ಬುಧವಾರದ ಸಂದರ್ಶನಕ್ಕೆ ಬರಲಾಗದವನಿಗೆ ಶುಕ್ರವಾರ ಬನ್ನಿ ಎಂದರೆ, ಆ ಶುಕ್ರವಾರ ಆಲ್ಟರ್ನೇಟಿವ್ ದಿನ. ಮೊದಲನೆಯದರಲ್ಲಿ ಎರಡೂ ಉಳಿಯುತ್ತವೆ, ಒಂದಾದ ಮೇಲೊಂದು ಬರುತ್ತವೆ. ಎರಡನೆಯದರಲ್ಲಿ ಒಂದು ಬಂದರೆ ಇನ್ನೊಂದು ಹೋಗುತ್ತದೆ. ನಿಮ್ಮ ಫಲಕದ ಇಂಗ್ಲಿಷಿನಲ್ಲಿ ಮೊದಲು ಬರೆದವರೇ ಸರಿ, ತಿದ್ದಿದ ರೂಪ ಸಲ್ಲದು.

ಆದರೆ ತಿದ್ದಿದವರು ಗೊಂದಲಕ್ಕೆ ಬಿದ್ದದ್ದಕ್ಕೆ ಕಾರಣವಿದೆ. ಅಮೆರಿಕದ ಇಂಗ್ಲಿಷಿನಲ್ಲಿ ‘ಆಲ್ಟರ್ನೇಟ್’ ಎಂಬುದು ‘ಬದಲಿ’ ಎಂಬ ಅರ್ಥದಲ್ಲೂ ಧಾರಾಳವಾಗಿ ನಡೆಯುತ್ತದೆ. ರಸ್ತೆ ಮುಚ್ಚಿದಾಗ ಹಿಡಿಯಬೇಕಾದ ಬೇರೆ ದಾರಿ ಅಲ್ಲಿ ‘ಆಲ್ಟರ್ನೇಟ್ ರೂಟ್’. ನ್ಯಾಯಾಲಯದಲ್ಲಿ ತೀರ್ಪು ಹೇಳಲು ಕೂರಿಸುವ ಜನಸಾಮಾನ್ಯರ ತಂಡವಾದ ಜ್ಯೂರಿಯಲ್ಲಿ ಒಬ್ಬರು ಮಧ್ಯೆ ಬಿಟ್ಟುಹೋದರೆ ಆ ಜಾಗಕ್ಕೆ ಕೂರಲೆಂದು ಮೊದಲೇ ನೇಮಿಸಿಟ್ಟವರು ‘ಆಲ್ಟರ್ನೇಟ್ ಜ್ಯೂರರ್’. ನಮ್ಮ ದೇಶದ ಕಾನೂನಿನ ಇಂಗ್ಲಿಷಿನಲ್ಲೂ ಈ ಅರ್ಥ ನೆಲೆಯೂರಿದೆ. 2013ರ ಕಂಪನಿ ಕಾಯ್ದೆಯ 161ನೇ ಕಲಮಿನಂತೆ, ನಿರ್ದೇಶಕರೊಬ್ಬರು ಮೂರು ತಿಂಗಳಿಗೆ ಕಡಿಮೆಯಿಲ್ಲದಷ್ಟು ಕಾಲ ಭಾರತದಲ್ಲಿ ಇಲ್ಲದಿದ್ದಾಗ ಅವರ ಸ್ಥಾನದಲ್ಲಿ ಮಂಡಳಿಯು ನೇಮಿಸಬಹುದಾದವರು ಆಲ್ಟರ್ನೇಟ್ ಡೈರೆಕ್ಟರ್. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ನಮ್ಮ ಹಣಕಾಸು ಸಚಿವರು ಭಾರತದ ಗವರ್ನರ್, ರಿಸರ್ವ್ ಬ್ಯಾಂಕಿನ ಗವರ್ನರ್ ಆಲ್ಟರ್ನೇಟ್ ಗವರ್ನರ್. ಇವರಿಬ್ಬರೂ ದಿನ ಬಿಟ್ಟು ದಿನ ಕೆಲಸ ಮಾಡುವವರಲ್ಲ, ಒಬ್ಬರಿಲ್ಲದಾಗ ಇನ್ನೊಬ್ಬರು. ಕಂಪನಿಗಳ ಮೇಲಿನ ‘ಮಿನಿಮಮ್ ಆಲ್ಟರ್ನೇಟ್ ಟ್ಯಾಕ್ಸ್’ ಕೂಡ ಇದೇ ಬಗೆಯದು. ಸಾಮಾನ್ಯ ಲೆಕ್ಕದಲ್ಲಿ ಬರುವ ತೆರಿಗೆಯು, ಕಂಪನಿಯ ಲೆಕ್ಕಪುಸ್ತಕ ತೋರಿಸುವ ಲಾಭದ ಇಂತಿಷ್ಟು ಭಾಗಕ್ಕಿಂತ ಕಡಿಮೆಯಾದರೆ, ಅದರ ಜಾಗದಲ್ಲಿ ಇದನ್ನು ಕಟ್ಟಬೇಕು. ಅತ್ತ ನ್ಯಾಯಾಲಯದ ಹೊರಗೆ ರಾಜಿ, ಮಧ್ಯಸ್ಥಿಕೆಗಳ ಮೂಲಕ ವ್ಯಾಜ್ಯ ತೀರಿಸುವ ಕ್ರಮಕ್ಕೆ ‘ಆಲ್ಟರ್ನೇಟಿವ್’ ಎಂಬ ರೂಪವೇ ಅಂಟಿಕೊಂಡಿದೆ. ಹೀಗಾಗಿ ‘ಆಲ್ಟರ್ನೇಟ್’ ಕಂಡಲ್ಲೆಲ್ಲ ಸರದಿ ಎಂದುಕೊಳ್ಳುವಂತಿಲ್ಲ, ಆದರೆ ಸರದಿಯನ್ನು ಹೇಳಬೇಕಾದಾಗ ‘ಆಲ್ಟರ್ನೇಟಿವ್’ ಎಂದೂ ಬರೆಯಬಾರದು. ನಾನು ಪಾಠ ಹೇಳುವಾಗ ವಿದ್ಯಾರ್ಥಿಗಳಿಗೆ ಪಟ್ಟು ಹಿಡಿದು ಕಲಿಸುತ್ತಿದ್ದುದು ಈ ಎರಡನೆಯ ಮಾತನ್ನು.

ಉಚ್ಚಾರಣೆಯನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಕ್ರಿಯಾಪದವಾದಾಗ ಕೊನೆಯ ಅಕ್ಷರ ‘ನೇಟ್’ ಎಂದು ತುಂಬಿಕೊಂಡು ಕೇಳುತ್ತದೆ, ಒತ್ತು ಮೊದಲ ಅಕ್ಷರದ ಮೇಲಿರುತ್ತದೆ. ವಿಶೇಷಣವಾದಾಗ ಬ್ರಿಟಿಷರ ಬಾಯಲ್ಲಿ ಒತ್ತು ನಡುವಿನ ‘ಟರ್’ ಮೇಲೆ ಬಿದ್ದು, ಕೊನೆಯದು ‘ನಟ್’ ಎಂಬಂತೆ ಕುಗ್ಗುತ್ತದೆ.

ಕನ್ನಡದ ‘ಪರ್ಯಾಯ’ದ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಸಂಸ್ಕೃತದಲ್ಲಿ ಅದಕ್ಕೆ ಸರದಿ, ಕ್ರಮವಾಗಿ ಬರುವಿಕೆ ಎಂಬ ಅರ್ಥವೂ ಇದೆ, ಸಮಾನಾರ್ಥಕ ಪದ ಎಂಬ ಅರ್ಥವೂ ಇದೆ. ಸರದಿಯ ಅರ್ಥವನ್ನು ಇಂದಿಗೂ ಅಚ್ಚಳಿಯದೆ ಉಳಿಸಿಕೊಂಡಿರುವುದು ಉಡುಪಿಯ ಪರ್ಯಾಯ. ಎಂಟು ಮಠಗಳು ಎರಡೆರಡು ವರ್ಷ ಕೃಷ್ಣನ ಪೂಜೆಯನ್ನು ವಹಿಸಿಕೊಳ್ಳುವುದರಿಂದ ಒಂದು ಮಠದ ಸರದಿ ತಿರುಗಿ ಬರುವುದು ಹದಿನಾರು ವರ್ಷಗಳ ಮೇಲೆ. 2022ರಲ್ಲಿ ಕೃಷ್ಣಾಪುರ ಮಠ, 2024ರಲ್ಲಿ ಪುತ್ತಿಗೆ ಮಠ ಪೀಠವೇರಿದ್ದು ಈ ಕ್ರಮದಲ್ಲೇ. ಆದರೆ ಪತ್ರಿಕೆಯ ಕನ್ನಡದಲ್ಲಿ ‘ಪರ್ಯಾಯ ಮಾರ್ಗ’, ‘ಪರ್ಯಾಯ ವ್ಯವಸ್ಥೆ’, ‘ಪರ್ಯಾಯ ರಾಜಕಾರಣ’ ಎಂದೆಲ್ಲ ಬಳಸಿ ಬಳಸಿ ಅದು ಈಗ ಬಹುಮಟ್ಟಿಗೆ ‘ಬದಲಿ’ ಎಂಬುದರ ಕಡೆಗೆ ವಾಲಿದೆ. ನಿಮ್ಮ ಹಿರಿಯರು ಓದಿದ್ದು ಇಂದಿನ ಅರ್ಥವನ್ನು, ಕರಡು ಬರೆದವರ ಮನಸ್ಸಿನಲ್ಲಿದ್ದುದು ಹಳೆಯ ಅರ್ಥ. ಸೂಚನಾ ಫಲಕದಲ್ಲಿ ಹೀಗೆ ಎರಡು ಅರ್ಥಕ್ಕೆ ಎಡೆಕೊಡುವ ಶಬ್ದವನ್ನು ಇಡಬಾರದು. ‘ದಿನ ಬಿಟ್ಟು ದಿನ’ ಎಂದು ಬರೆಯಿರಿ. ನಮ್ಮ ಭಾಗದಲ್ಲಿ ಅದನ್ನು ತಪ್ಪಾಗಿ ತಿಳಿಯುವವರು ಯಾರೂ ಇಲ್ಲ.

ಉತ್ತರ
ಔಷಧ ಅಂಗಡಿಯವರು, ಬೆಳಗಾವಿ

ಗುರುಗಳು ಹೇಳಿದ್ದಕ್ಕೆ ನಮ್ಮ ವೃತ್ತಿಯ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ‘ಆಲ್ಟರ್ನೇಟ್ ಡೇಸ್’ ಎಂಬುದನ್ನು ತಪ್ಪು ತಿಳಿದರೆ ಆಗುವ ಹಾನಿ ನಮ್ಮ ಕ್ಷೇತ್ರದಲ್ಲಿ ಬಹಳ ದೊಡ್ಡದು. ವೈದ್ಯರ ಚೀಟಿಯಲ್ಲಿ ದಿನವೂ ಎಂಬುದಕ್ಕೆ ‘ಕ್ಯೂ.ಡಿ.’ ಎಂದೂ, ದಿನ ಬಿಟ್ಟು ದಿನ ಎಂಬುದಕ್ಕೆ ‘ಕ್ಯೂ.ಓ.ಡಿ.’ ಎಂದೂ ಬರೆಯುವ ರೂಢಿ ಇತ್ತು. ಅವಸರದ ಕೈಬರಹದಲ್ಲಿ ನಡುವಿನ ಚುಕ್ಕೆ ಯಾವುದು, ಅಕ್ಷರ ಯಾವುದು ಎಂದು ತಿಳಿಯದೆ ಒಂದನ್ನು ಇನ್ನೊಂದಾಗಿ ಓದುವ ಅಪಾಯವಿದ್ದುದರಿಂದ, ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಸಂಸ್ಥೆಯು 2004ರಲ್ಲಿ ಈ ಎರಡೂ ಸಂಕ್ಷೇಪಗಳನ್ನು ಬಳಸಕೂಡದವುಗಳ ಪಟ್ಟಿಗೆ ಸೇರಿಸಿತು. ಪೂರ್ಣ ಶಬ್ದಗಳಲ್ಲಿ ಬರೆಯಬೇಕೆಂಬುದು ಅದರ ಸೂಚನೆ.

ಪೂರ್ಣವಾಗಿ ಬರೆದರೂ ಇನ್ನೊಂದು ತೊಡಕು ಉಳಿಯುತ್ತದೆ. ವಾರಕ್ಕೆ ಏಳು ದಿನ, ಅದು ಬೆಸ ಸಂಖ್ಯೆ. ಸೋಮವಾರದಿಂದ ಗುಳಿಗೆ ಆರಂಭಿಸಿದವರು ಆ ವಾರ ಸೋಮ, ಬುಧ, ಶುಕ್ರ, ರವಿವಾರ ತೆಗೆದುಕೊಂಡರೆ, ಮುಂದಿನ ವಾರ ಮಂಗಳ, ಗುರು, ಶನಿವಾರ ತೆಗೆದುಕೊಳ್ಳಬೇಕು. ಆದರೆ ಅನೇಕರು ‘ಸೋಮ, ಬುಧ, ಶುಕ್ರ’ ಎಂದು ವಾರದ ಹೆಸರುಗಳನ್ನೇ ನೆನಪಿಟ್ಟುಕೊಳ್ಳುವುದರಿಂದ ಶನಿವಾರ ಮತ್ತು ರವಿವಾರ ಎರಡೂ ಬರಿದಾಗುತ್ತವೆ. ಕೆಲವು ಔಷಧಗಳಿಗೆ ಅದು ನಡೆಯುತ್ತದೆ, ಕೆಲವಕ್ಕೆ ನಡೆಯುವುದಿಲ್ಲ. ಯಾವುದು ಬೇಕೆಂಬುದನ್ನು ವೈದ್ಯರೇ ಹೇಳಬೇಕು. ನಾನು ಗುಳಿಗೆಯ ಪಟ್ಟಿಯ ಹಿಂದೆ ಪೆನ್ನಿನಿಂದ ತಾರೀಖುಗಳನ್ನೇ ಬರೆದುಕೊಡುತ್ತೇನೆ.

ಎಣಿಕೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಆಯುರ್ವೇದದಲ್ಲಿ ‘ತೃತೀಯಕ ಜ್ವರ’ ಎಂದು ಕರೆದದ್ದು ಮೂರು ದಿನಕ್ಕೊಮ್ಮೆ ಬರುವ ಜ್ವರವನ್ನಲ್ಲ, ದಿನ ಬಿಟ್ಟು ದಿನ ಬರುವ ಜ್ವರವನ್ನು. ಜ್ವರ ಬಂದ ದಿನವನ್ನೂ ಸೇರಿಸಿ ಎಣಿಸಿದರೆ, ಮತ್ತೆ ಬರುವುದು ಮೂರನೆಯ ದಿನ. ‘ಚತುರ್ಥಕ’ದಲ್ಲಿ ನಡುವೆ ಎರಡು ದಿನ ಬಿಡುವು. ಪಾಶ್ಚಾತ್ಯ ವೈದ್ಯರೂ ಇದೇ ಎಣಿಕೆಯಲ್ಲಿ, ವೈವಾಕ್ಸ್ ಮಲೇರಿಯಾದಲ್ಲಿ ಸುಮಾರು 48 ಗಂಟೆಗೊಮ್ಮೆ ಏರುವ ಜ್ವರವನ್ನು ‘ಟರ್ಷಿಯನ್’, ಅಂದರೆ ಮೂರನೆಯ ದಿನದ್ದು ಎಂದು ಕರೆದರು. ಆದ್ದರಿಂದ ಕಾರ್ಯದರ್ಶಿಗಳೇ, ‘ಎರಡು ದಿನಕ್ಕೊಮ್ಮೆ’ ಎಂದರೂ ‘ದಿನ ಬಿಟ್ಟು ದಿನ’ ಎಂದರೂ ಒಂದೇ ಆದರೂ, ‘ಎರಡು ದಿನ ಬಿಟ್ಟು’ ಎಂದರೆ ಅದು ಬೇರೆಯೇ ಆಗುತ್ತದೆ. ಫಲಕದಲ್ಲಿ ಇವುಗಳನ್ನು ಒಂದರ ಜಾಗದಲ್ಲಿ ಒಂದನ್ನು ಹಾಕಬೇಡಿ.

ಉತ್ತರ
ಬಟ್ಟೆ ವ್ಯಾಪಾರಿ, ಶಹಾಪುರ, ಬೆಳಗಾವಿ

‘ಏಕಾಂತರ’ ಎಂಬ ಶಬ್ದವನ್ನು ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ನಡುವೆ ಒಂದರ ಅಂತರ ಬಿಡುವುದು ಎಂದು ಅದರ ಅರ್ಥ. ಜೈನರ ವರ್ಷೀತಪದಲ್ಲಿ ಒಂದು ದಿನ ಉಪವಾಸ, ಮರುದಿನ ಊಟ, ಮತ್ತೆ ಉಪವಾಸ ಎಂದು ವರ್ಷಕ್ಕೂ ಹೆಚ್ಚು ಕಾಲ ನಡೆದು, ಅಕ್ಷಯ ತೃತೀಯದಂದು ಕಬ್ಬಿನ ಹಾಲಿನಿಂದ ಪಾರಣೆಯಾಗುತ್ತದೆ. ಈ ವ್ರತಕ್ಕೆ ಏಕಾಂತರ ಉಪವಾಸವೆಂದೇ ಹೆಸರು. ಗ್ರಂಥದ ಬರಹಕ್ಕೆ ಇದು ನಿಖರವಾದ ಶಬ್ದ. ನೀರಿನ ಫಲಕಕ್ಕೆ ಭಾರವಾಗಬಹುದು ಎಂಬುದನ್ನು ನಾನೂ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರಿಂದ
ನಿವಾಸಿಗಳ ಸಂಘದ ಕಾರ್ಯದರ್ಶಿ, ನವನಗರ, ಬಾಗಲಕೋಟೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾರೀಖು ಬರೆಯುವ ಸಲಹೆಯನ್ನು ಹಿಡಿದು, ‘ಬೆಸ ತಾರೀಖಿನಂದು ಮೊದಲ ಬ್ಲಾಕಿಗೆ, ಸಮ ತಾರೀಖಿನಂದು ಎರಡನೆಯ ಬ್ಲಾಕಿಗೆ’ ಎಂದು ಬರೆಯಬಹುದೇ? ಅಲ್ಲದೆ ಪಕ್ಕದ ಸಣ್ಣ ಬ್ಲಾಕಿನವರೂ ಈ ಬೋರ್‌ವೆಲ್‌ನಿಂದ ನೀರು ಕೇಳಿದ್ದಾರೆ. ಅವರನ್ನು ಸೇರಿಸಿಕೊಂಡರೆ ಮೂವರಾಗುತ್ತೇವೆ. ಆಗ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಏನೆಂದು ಬರೆಯಬೇಕು?

ಉತ್ತರ
ಪ್ರೌಢಶಾಲೆಯ ಗಣಿತ ಶಿಕ್ಷಕಿ, ಬೈಲಹೊಂಗಲ

ಸಮ-ಬೆಸ ತಾರೀಖಿನ ಕ್ರಮ ನೋಡಲು ಸುಲಭ, ಆದರೆ ತಿಂಗಳ ಕೊನೆಯಲ್ಲಿ ಮುರಿಯುತ್ತದೆ. 31ನೇ ತಾರೀಖು ಬೆಸ, ಮರುದಿನದ 1ನೇ ತಾರೀಖೂ ಬೆಸ. ಆದ್ದರಿಂದ ಮೊದಲ ಬ್ಲಾಕಿಗೆ ಸತತ ಎರಡು ದಿನ ನೀರು ಸಿಕ್ಕು, ಎರಡನೆಯ ಬ್ಲಾಕಿನವರು ಸತತ ಎರಡು ದಿನ ಕಾಯಬೇಕಾಗುತ್ತದೆ. ವರ್ಷದಲ್ಲಿ 31 ದಿನದ ತಿಂಗಳುಗಳು ಏಳು. ಅಧಿಕ ವರ್ಷದಲ್ಲಿ ಫೆಬ್ರುವರಿ 29 ಸೇರಿ ಎಂಟು ಸಲ ಹೀಗಾಗುತ್ತದೆ. ಸಾಮಾನ್ಯ ವರ್ಷದ ಲೆಕ್ಕ ತೆಗೆದರೆ ಬೆಸ ತಾರೀಖುಗಳು 186, ಸಮ ತಾರೀಖುಗಳು 179. ಹೀಗೆ ಬ್ಲಾಕುಗಳ ನಡುವೆ ಏಳು ದಿನಗಳ ವ್ಯತ್ಯಾಸ ಉಳಿಯುತ್ತದೆ. ಬೇಸಿಗೆಯಷ್ಟಕ್ಕೇ ಆದರೂ ಮಾರ್ಚ್ ಕೊನೆಗೆ ಮತ್ತು ಮೇ ಕೊನೆಗೆ ಈ ತೊಂದರೆ ಬರುತ್ತದೆ. ಬ್ಯಾಂಕುಗಳ ರಜೆಯಲ್ಲೂ ಇದೇ ಬಗೆಯ ಮುರಿತವಿದೆ. 2015ರ ಸೆಪ್ಟೆಂಬರ್ 1ರಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಜನ ಇದನ್ನು ‘ಆಲ್ಟರ್ನೇಟ್ ಶನಿವಾರ’ ಎನ್ನುತ್ತಾರೆ, ಆದರೆ ಐದು ಶನಿವಾರಗಳಿರುವ ತಿಂಗಳಿನಲ್ಲಿ ಐದನೆಯದೂ ಮುಂದಿನ ತಿಂಗಳ ಮೊದಲನೆಯದೂ ಒಂದರ ಹಿಂದೊಂದು ಕೆಲಸದ ಶನಿವಾರಗಳಾಗುತ್ತವೆ. ನೀವು ತಿಂಗಳ ಪೂರ್ತಿ ಕ್ಯಾಲೆಂಡರನ್ನೇ ಬರೆದು ಅಂಟಿಸುವುದು ಒಳ್ಳೆಯದು.

ಕೋನಗಳ ಬಗ್ಗೆ ಕೇಳಿದ್ದಿರಿ. ಎರಡು ಸಮಾಂತರ ರೇಖೆಗಳನ್ನು ಒಂದು ಛೇದಕ ರೇಖೆ ಕತ್ತರಿಸಿದಾಗ, ಒಂದು ಕೋನ ಛೇದಕದ ಈ ಬದಿಯಲ್ಲಿ ಮೇಲಿನ ರೇಖೆಯಲ್ಲಿದ್ದರೆ ಅದರ ಜೊತೆಗಾರ ಕೋನ ಆ ಬದಿಯಲ್ಲಿ ಕೆಳಗಿನ ರೇಖೆಯಲ್ಲಿರುತ್ತದೆ. ಬದಿ ಅದಲುಬದಲಾಗುವುದರಿಂದ ಅವು ಆಲ್ಟರ್ನೇಟ್, ನಮ್ಮ ಪಠ್ಯದಲ್ಲಿ ಪರ್ಯಾಯ ಕೋನಗಳು. ವಿದ್ಯುತ್ತಿನಲ್ಲಿ ಅದಲುಬದಲಾಗುವುದು ಪ್ರವಾಹದ ದಿಕ್ಕು. ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಆವರ್ತನಗಳು, ಒಂದು ಆವರ್ತನದಲ್ಲಿ ದಿಕ್ಕು ಎರಡು ಸಲ ತಿರುಗುವುದರಿಂದ ಸೆಕೆಂಡಿಗೆ 100 ಸಲ ದಿಕ್ಕು ಬದಲಾಗುತ್ತದೆ. ಆಲಮಟ್ಟಿಯ ಜಲವಿದ್ಯುತ್ತಾಗಲಿ ಬೇರೆಲ್ಲಿಯದಾಗಲಿ ನಮ್ಮ ಮನೆಯ ದೀಪಕ್ಕೆ ಬರುವುದು ಹೀಗೆಯೇ. ಎಲೆಗಳಲ್ಲೂ ಇದನ್ನು ತೋರಿಸಬಹುದು: ದಾಸವಾಳದ ಕೊಂಬೆಯಲ್ಲಿ ಒಂದು ಗೆಣ್ಣಿಗೆ ಒಂದೇ ಎಲೆ ಬಂದು ದಿಕ್ಕು ಬದಲಿಸುತ್ತ ಹೋಗುತ್ತದೆ, ಎಕ್ಕೆಯಲ್ಲಿಯೂ ಪೇರಲದಲ್ಲಿಯೂ ಒಂದು ಗೆಣ್ಣಿಗೆ ಎದುರುಬದುರಾಗಿ ಎರಡು. ಮಕ್ಕಳಿಗೆ ಈ ಕೊಂಬೆಗಳನ್ನು ಕೈಯಲ್ಲಿ ಕೊಟ್ಟರೆ ವ್ಯಾಖ್ಯೆ ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳುವುದಿಲ್ಲ.

ಉತ್ತರ
ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ವಿಜಯಪುರ

ಮೂವರಾದರೆ ಇಂಗ್ಲಿಷಿನಲ್ಲಿ ‘ಆಲ್ಟರ್ನೇಟ್’ ಬೇಡ. ‘ಇನ್ ರೊಟೇಶನ್’ ಎನ್ನಿ, ಅಥವಾ ಪ್ರತಿ ಬ್ಲಾಕಿಗೆ ‘ಎವ್ರಿ ಥರ್ಡ್ ಡೇ’ ಎಂದು ನೇರವಾಗಿ ಬರೆಯಿರಿ. ಸಂವಿಧಾನದ 73ನೇ ತಿದ್ದುಪಡಿಯಲ್ಲಿ, ಪಂಚಾಯಿತಿಗಳ ಮೀಸಲು ಸ್ಥಾನಗಳನ್ನು ಬೇರೆ ಬೇರೆ ಕ್ಷೇತ್ರಗಳಿಗೆ ಹಂಚುವಾಗ ಬಳಸಿರುವುದು ‘ರೊಟೇಶನ್’ ಎಂಬ ಶಬ್ದವನ್ನೇ, ಏಕೆಂದರೆ ಅಲ್ಲಿ ಸರದಿ ಸುತ್ತಬೇಕಾದ್ದು ಅನೇಕ ಕ್ಷೇತ್ರಗಳ ನಡುವೆ.

ಉತ್ತರ
ಕೃಷಿ ಇಲಾಖೆಯಿಂದ ನಿವೃತ್ತ, ಈಗ ಕಬ್ಬು ಬೆಳೆಗಾರ, ಜಮಖಂಡಿ

ಕಾರ್ಯದರ್ಶಿಗಳೇ, ಗುರುಗಳೇ, ಅಕ್ಕನವರೇ, ಎಲ್ಲರಿಗೂ ಶರಣು. ಮೂರು ಬ್ಲಾಕುಗಳ ಮಾತಿಗೆ ಬರುವ ಮೊದಲು, ನೀರಿನ ವಿಷಯದಲ್ಲೇ ‘ಆಲ್ಟರ್ನೇಟ್’ ಎಂಬ ಶಬ್ದ ಎಂತಹ ಸಂದೇಹವನ್ನು ಒಳಗಿಟ್ಟುಕೊಂಡಿದೆ ಎಂಬುದನ್ನು ಹೇಳಬೇಕು. ಮುಧೋಳ, ಜಮಖಂಡಿ ಕಡೆಯ ಕಬ್ಬಿಗೆ ನೀರು ಸಾಲದ ವರ್ಷಗಳಲ್ಲಿ ‘ಆಲ್ಟರ್ನೇಟ್ ಫರೋ’ ಪದ್ಧತಿಯನ್ನು, ಅಂದರೆ ಸಾಲು ಬಿಟ್ಟು ಸಾಲು ನೀರು ಹಾಯಿಸುವುದನ್ನು ನಾವು ರೈತರಿಗೆ ಹೇಳುತ್ತಿದ್ದೆವು. ನಮ್ಮ ಎರೆ ಭೂಮಿಯಲ್ಲಿ ನೀರು ಅಡ್ಡಡ್ಡವಾಗಿಯೂ ಹರಡಿ ಬೋದಿನ, ಅಂದರೆ ಸಾಲುಗಳ ನಡುವಿನ ಏರಿಯ, ಬುಡಕ್ಕೆ ಮುಟ್ಟುವುದರಿಂದ ಇದು ಸಾಧ್ಯ. ಆದರೆ ಕೇಳಿದ ರೈತ ಎರಡು ರೀತಿಯಲ್ಲಿ ತಿಳಿಯಬಹುದು. ಮೊದಲ ಸಲ ಒಂದು, ಮೂರು, ಐದನೆಯ ಸಾಲಿಗೆ ಹಾಯಿಸಿ, ಮುಂದಿನ ಸಲ ಎರಡು, ನಾಲ್ಕು, ಆರನೆಯ ಸಾಲಿಗೆ ಹಾಯಿಸುವುದು ಒಂದು ರೀತಿ. ಹಂಗಾಮು ಮುಗಿಯುವವರೆಗೂ ಒಂದು, ಮೂರು, ಐದಕ್ಕೇ ಹಾಯಿಸಿ ಉಳಿದ ಸಾಲುಗಳನ್ನು ಒಣಗಿಸಿಡುವುದು ಇನ್ನೊಂದು. ಮೊದಲನೆಯದು ಕಾಲದಲ್ಲೂ ಜಾಗದಲ್ಲೂ ಅದಲುಬದಲು, ಎರಡನೆಯದು ಜಾಗದಲ್ಲಿ ಮಾತ್ರ. ಬೇರಿನ ಎರಡೂ ಬದಿಗೆ ಸರದಿಯಲ್ಲಿ ತೇವ ಸಿಗುವುದು ಮೊದಲನೆಯದರಲ್ಲಿ. ವಿಜ್ಞಾನಿಗಳು ಎರಡನೆಯದಕ್ಕೆ ‘ಸ್ಥಿರ’ ಎಂಬ ಅರ್ಥದ ವಿಶೇಷಣವನ್ನು ಸೇರಿಸಿ ಬೇರ್ಪಡಿಸುತ್ತಾರೆ. ಹೊಲದಲ್ಲಿ ನಿಂತು ಹೇಳುವವರು ‘ಈ ಸಲ ಬಿಟ್ಟ ಸಾಲಿಗೆ ಬರುವ ಸಲ ನೀರು’ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಸಸ್ಯರೋಗ ಶಾಸ್ತ್ರದಲ್ಲಿ ಗುರುಗಳು ಎಳೆದ ಗೆರೆಯನ್ನು ಇನ್ನೂ ಬಿಗಿಯಾಗಿ ಪಾಲಿಸುತ್ತಾರೆ. ಗೋಧಿಯ ಕಾಂಡಕ್ಕೆ ಬರುವ ತುಕ್ಕು ರೋಗ, ನಮ್ಮವರ ಮಾತಿನ ಭಂಡಾರ ರೋಗ, ಒಂದು ಶಿಲೀಂಧ್ರದಿಂದ ಬರುತ್ತದೆ. ಆ ಶಿಲೀಂಧ್ರದ ಜೀವನಚಕ್ರ ಪೂರ್ಣವಾಗಬೇಕಾದರೆ ಗೋಧಿಯ ಜೊತೆಗೆ ಬಾರ್ಬೆರಿ ಎಂಬ ಪೊದೆಯೂ ಬೇಕು. ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗಿ ಮರಳಿ ಬರಲು ಬೇಕಾದ ಗಿಡ ‘ಆಲ್ಟರ್ನೇಟ್ ಹೋಸ್ಟ್’. ಮುಖ್ಯ ಬೆಳೆ ಇಲ್ಲದಾಗ ರೋಗಾಣು ಬದುಕುಳಿಯಲು ನೆರವಾಗುವ ಬೇರೆ ಯಾವುದೇ ಗಿಡ ‘ಆಲ್ಟರ್ನೇಟಿವ್ ಹೋಸ್ಟ್’. ನಮ್ಮ ದೇಶದಲ್ಲಿ ಈ ರೋಗ ವರ್ಷ ವರ್ಷ ಮರುಕಳಿಸುವುದಕ್ಕೆ ಬಾರ್ಬೆರಿ ಕಾರಣವಲ್ಲ, ಬೆಟ್ಟಪ್ರದೇಶಗಳಲ್ಲಿ ಬೇಸಿಗೆಯನ್ನು ಕಳೆಯುವ ತುಕ್ಕಿನ ಬೀಜಕಗಳೇ ಗಾಳಿಯಲ್ಲಿ ಬಯಲಿಗೆ ಬರುತ್ತವೆ ಎಂದು ಡಾ. ಕೆ. ಸಿ. ಮೆಹ್ತಾ ತೋರಿಸಿಕೊಟ್ಟರು. ದಕ್ಷಿಣಕ್ಕೆ ಅವು ಬರುವುದು ನೀಲಗಿರಿ ಮತ್ತು ಪಳನಿ ಬೆಟ್ಟಗಳಿಂದ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಈ ಎರಡು ಶಬ್ದಗಳನ್ನು ಅದಲುಬದಲಾಗಿ ಬರೆದರೆ ಸಿದ್ಧಾಂತವೇ ತಲೆಕೆಳಗಾಗುತ್ತದೆ. ಬೆಳಗಾವಿ ಕಡೆಯ ಆಪೂಸ್ ಮಾವು ಒಂದು ವರ್ಷ ಜೋರಾಗಿ ಹಿಡಿದು ಮರುವರ್ಷ ಬಡವಾಗುವುದನ್ನು ‘ಆಲ್ಟರ್ನೇಟ್ ಬೇರಿಂಗ್’ ಎನ್ನುತ್ತೇವೆ. ಅದಕ್ಕೆ ‘ವರ್ಷ ಬಿಟ್ಟು ವರ್ಷದ ಫಸಲು’ ಎಂದರೆ ಸಾಕು, ‘ಪರ್ಯಾಯ ಫಸಲು’ ಎಂದರೆ ಮಾವಿನ ಬದಲು ಬೇರೆ ಬೆಳೆ ಹಾಕಬೇಕೆಂಬ ಅರ್ಥ ಬಂದುಬಿಡುತ್ತದೆ.

ಈಗ ನಿಮ್ಮ ಮೂರು ಬ್ಲಾಕುಗಳು. ಕನ್ನಡದಲ್ಲಿ ಇದಕ್ಕೆ ‘ಪಾಳಿ’ ಎಂಬ ಶಬ್ದವಿದೆ. ಕನ್ನಡ ನಾಡಿನ ಬೇರೆ ಭಾಗದವರು ಸರದಿ, ಸರತಿ ಎನ್ನುವ ಕಡೆಯಲ್ಲೆಲ್ಲ ನಾವು ಪಾಳಿ ಎನ್ನುತ್ತೇವೆ. ರೇಷನ್ ಅಂಗಡಿಯ ಮುಂದೆ ಪಾಳಿ ಹಚ್ಚುತ್ತೇವೆ, ಗಿರಣಿಯಲ್ಲಿ ರಾತ್ರಿ ಪಾಳಿಗೆ ಹೋಗುತ್ತೇವೆ, ಬಾವಿಯ ನೀರಿಗೆ ಅಣ್ಣತಮ್ಮಂದಿರು ಪಾಳಿ ಹಾಕಿಕೊಳ್ಳುತ್ತಾರೆ. ಇಬ್ಬರಿರಲಿ ಹತ್ತು ಜನರಿರಲಿ, ಪಾಳಿ ಎಲ್ಲರನ್ನೂ ಮುಟ್ಟಿ ತಿರುಗಿ ಬರುತ್ತದೆ. ಮರಾಠಿಯಲ್ಲೂ ಇದೇ ಅರ್ಥದಲ್ಲಿ ಇದೇ ಶಬ್ದ ನಡೆಯುವುದರಿಂದ ಗಡಿಭಾಗದಿಂದ ಬಂದು ನೆಲೆಸಿದವರಿಗೂ ಇದು ಹೊಸದಲ್ಲ. ಕಾಲುವೆಯ ನೀರಿಗೆ ಇಲಾಖೆ ಬಳಸುವ ‘ವಾರಾಬಂದಿ’ಯಲ್ಲಿಯೂ ‘ವಾರ’ ಎಂದರೆ ಪಾಳಿ, ‘ಬಂದಿ’ ಎಂದರೆ ಗೊತ್ತುಪಡಿಸಿದ್ದು. ಕೃಷ್ಣಾ ಮೇಲ್ದಂಡೆಯ ಕಾಲುವೆಗಳಿಗೆ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಇಷ್ಟು ದಿನ ಚಾಲೂ, ಇಷ್ಟು ದಿನ ಬಂದ್ ಎಂದು ತೀರ್ಮಾನಿಸಿದಾಗ, ರೈತ ತಾರೀಖುಗಳನ್ನು ಬರೆದುಕೊಳ್ಳುತ್ತಾನೆ. ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂಬುದು ಅವನಿಗೆ ಬೇಕಾಗುವುದಿಲ್ಲ.

ಒಂದು ಕಿವಿಮಾತು ಹೇಳಿಬಿಡುತ್ತೇನೆ, ಏಕೆಂದರೆ ಪಾಳಿಯಲ್ಲಿ ಜಗಳ ಹುಟ್ಟುವುದು ದಿನದಿಂದಲ್ಲ, ಹೊತ್ತಿನಿಂದ. ಪಂಜಾಬ್, ಹರಿಯಾಣಗಳ ವಾರಾಬಂದಿಯಲ್ಲಿ ಏಳು ದಿನಗಳ, ಅಂದರೆ 168 ಗಂಟೆಗಳ ಒಂದು ಸುತ್ತನ್ನು ಹೊಲದ ಅಳತೆಗೆ ತಕ್ಕಂತೆ ರೈತರಿಗೆ ಹಂಚುತ್ತಾರೆ. ಹಾಗೆಯೇ ಬಿಟ್ಟರೆ ರಾತ್ರಿ ಎರಡು ಗಂಟೆಯ ಪಾಳಿ ಬಿದ್ದವನಿಗೆ ವರ್ಷ ವರ್ಷವೂ ಅದೇ ಹೊತ್ತು ಉಳಿದುಬಿಡುತ್ತದೆ. ಅದಕ್ಕಾಗಿ ವರ್ಷಕ್ಕೊಮ್ಮೆ ಇಡೀ ವೇಳಾಪಟ್ಟಿಯನ್ನು 12 ಗಂಟೆ ಸರಿಸಿ, ಹಗಲಿನವರನ್ನು ರಾತ್ರಿಗೂ ರಾತ್ರಿಯವರನ್ನು ಹಗಲಿಗೂ ತರುತ್ತಾರೆ. ನೀವು ಮೂರು ಬ್ಲಾಕುಗಳಿಗೆ ಒಂದೊಂದು ದಿನದಂತೆ ಬಿಟ್ಟರೆ, ವಾರಕ್ಕೆ ಏಳು ದಿನವಿರುವುದರಿಂದ ರವಿವಾರದ ನೀರು ಮೂರು ವಾರಗಳಲ್ಲಿ ಮೂರೂ ಬ್ಲಾಕುಗಳನ್ನು ತಾನಾಗಿ ಸುತ್ತುತ್ತದೆ. ಒಂದೇ ದಿನವನ್ನು ಮುಂಜಾನೆ, ಮಧ್ಯಾಹ್ನ, ರಾತ್ರಿ ಎಂದು ಮೂವರಿಗೆ ಹಂಚಿದರೆ ಹಾಗೆ ಸುತ್ತುವುದಿಲ್ಲ. ಆಗ ತಿಂಗಳಿಗೊಮ್ಮೆ ಹೊತ್ತನ್ನು ನೀವೇ ಬದಲಿಸಬೇಕು, ಬದಲಿಸುವ ತಾರೀಖನ್ನು ಮೊದಲ ದಿನವೇ ಫಲಕದಲ್ಲಿ ಬರೆದಿರಬೇಕು.